ಶಾಲೆ ಎಷ್ಟು ವರ್ಷ ನೆನಪಿಟ್ಟುಕೊಳ್ಳಬೇಕು?

ಅಮೆರಿಕದ ಶಾಲೆಗಳಲ್ಲಿ ಮಕ್ಕಳನ್ನು ಹೆದರಿಸೋಕೆ ಒಂದು ಹಳೇ ಮಾತಿದೆ: 'ಇದು ನಿನ್ನ ಪರ್ಮನೆಂಟ್ ರೆಕಾರ್ಡಿಗೆ ಹೋಗುತ್ತೆ, ನೋಡ್ಕೋ.' ನಮ್ಮಲ್ಲಿ ಗುಮ್ಮ ಬರ್ತಾನೆ ಅಂತಾರಲ್ಲ, ಹಾಗೆ. ಅಲ್ಲಿನ ಸಿನಿಮಾಗಳಲ್ಲಿ, ಸೀರಿಯಲ್ಲುಗಳಲ್ಲಿ ಈ ಮಾತು ಸವೆದು ಸವೆದು ಜೋಕ್ ಆಗಿಹೋಗಿದೆ. ಆದರೆ ಗುಮ್ಮ ಬರೀ ಸುಳ್ಳು, ಈ ಕಡತ ನಿಜವಾಗಿಯೂ ಇದೆ. ಅದರಲ್ಲಿ ಏನೇನು ಇರಬೇಕು, ಎಷ್ಟು ವರ್ಷ ಇರಬೇಕು ಅನ್ನೋದಕ್ಕೆ ಕಾನೂನೂ ಇದೆ.

ಡೇಟಾ ರಿಟೆನ್ಷನ್ ಅನ್ನೋದು ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ದಿನಾ ಕಿವಿಗೆ ಬೀಳೋ ಪದ. ಯಾವ ಮಾಹಿತಿ ಎಷ್ಟು ದಿನ ಇಟ್ಕೋಬೇಕು, ಯಾವಾಗ ಅಳಿಸಬೇಕು ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತೀವಿ. ಹಾಗಾಗಿ ಅಮೆರಿಕದ ಶಾಲಾ ದಾಖಲೆಗಳ ಕಾನೂನನ್ನು ನಾನು ಓದಿದ್ದು ಒಬ್ಬ ವಕೀಲನ ಹಾಗಲ್ಲ. ನಾಳೆ ಇದನ್ನು ಕೋಡ್ ಮಾಡು ಅಂದ್ರೆ ಹೇಗೆ ಮಾಡೋದು ಅಂತ ಯೋಚಿಸೋ ಎಂಜಿನಿಯರನ ಹಾಗೆ. ಹಾಗೆ ಓದಿದಾಗ ಎರಡು ವಿಷಯ ಕಣ್ಣಿಗೆ ಹೊಡೆಯುತ್ತವೆ. ಒಂದು, ಈ ಕಾನೂನುಗಳನ್ನು ಬರೆದಿದ್ದು ಕಾಗದಕ್ಕೆ. ಎರಡು, ಇವುಗಳಲ್ಲಿ ಬಹುಪಾಲು ಕೇಳೋದು 'ಎಷ್ಟು ವರ್ಷ ಇಡಬೇಕು?' ಅಂತ. 'ಯಾರಿಗೋಸ್ಕರ ಇಡಬೇಕು?' ಅನ್ನೋ ಪ್ರಶ್ನೆಯನ್ನು ಕೇಳೋದೇ ಕಮ್ಮಿ.

ಮೊದಲು ಒಂದು ಸಣ್ಣ ವಿವರಣೆ. ಅಲ್ಲಿನ 'ಸ್ಕೂಲ್ ಡಿಸ್ಟ್ರಿಕ್ಟ್' ಅಂದ್ರೆ ನಮ್ಮ ಜಿಲ್ಲೆ ಅಲ್ಲ. ಒಂದು ಊರಿನ ಅಥವಾ ಒಂದು ಕೌಂಟಿಯ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸೋ ಸ್ಥಳೀಯ ಸಂಸ್ಥೆ ಅದು. ಬಹಳ ಕಡೆ ಅದಕ್ಕೆ ಚುನಾಯಿತ ಮಂಡಳಿ ಇರುತ್ತೆ, ಮನೆಗಂದಾಯದ ಒಂದು ಪಾಲು ಅದಕ್ಕೆ ಹೋಗುತ್ತೆ. ಇಂಥವು ದೇಶದಲ್ಲಿ ಸುಮಾರು 13,000 ಇವೆ. ಕೆಲವು ಲಕ್ಷಗಟ್ಟಲೆ ಮಕ್ಕಳಿರೋ ದೈತ್ಯ ಸಂಸ್ಥೆಗಳು, ಇನ್ನು ಕೆಲವು ನಮ್ಮ ಹೋಬಳಿಗಿಂತ ಚಿಕ್ಕವು. ಮಗುವಿನ ಕಡತ ಇರೋದು ಇವುಗಳ ಕೈಯಲ್ಲಿ.

ಈ ಕಡತದ ಕತೆ 1974ಕ್ಕೆ ಮುಂಚೆ ಬಹಳ ಕೆಟ್ಟದಾಗಿತ್ತು. ಶಾಲೆಗಳು ಪ್ರತಿ ಮಗುವಿಗೂ ಒಂದು ಫೋಲ್ಡರ್ ಇಡ್ತಿದ್ದವು. ಅದರಲ್ಲಿ ಅಂಕಗಳ ಜೊತೆಗೆ ಟೀಚರ್‌ಗಳ ಅಭಿಪ್ರಾಯ, ಐಕ್ಯೂ ಪರೀಕ್ಷೆ, ಅಪ್ಪ ಅಮ್ಮನ ಸ್ವಭಾವದ ಬಗ್ಗೆ ಟಿಪ್ಪಣಿ, ಏನೇನೋ. ಅಪ್ಪ ಅಮ್ಮ ಕೇಳಿದರೆ ಎಷ್ಟೋ ಶಾಲೆಗಳು ತೋರಿಸ್ತಿರಲಿಲ್ಲ. ಹೊರಗಿನ ಅಧಿಕಾರಿಗಳು ಕೇಳಿದರೆ ಮಾತ್ರ ಫೋಲ್ಡರ್ ಸಲೀಸಾಗಿ ಹೊರಗೆ ಬರ್ತಿತ್ತು. ಡಯಾನ್ ಡಿವೋಕಿ ಅನ್ನೋ ಪತ್ರಕರ್ತೆ 1974ರಲ್ಲಿ 'ಪರೇಡ್' ಪತ್ರಿಕೆಯಲ್ಲಿ ಈ ಗುಟ್ಟಿನ ಕಡತಗಳ ಬಗ್ಗೆ ಬರೆದರು. ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ಅದೇ ವರ್ಷ ಒಂದು ತಿದ್ದುಪಡಿ ತಂದರು. ಆಗಸ್ಟಿನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು. ಅದೇ ಇವತ್ತು ಎಲ್ಲರೂ 'ಫೆರ್ಪಾ' ಅಂತ ಕರೆಯೋ ಕಾನೂನು: ಫ್ಯಾಮಿಲಿ ಎಜುಕೇಷನಲ್ ರೈಟ್ಸ್ ಅಂಡ್ ಪ್ರೈವೆಸಿ ಆಕ್ಟ್.

ಫೆರ್ಪಾ ಒಳ್ಳೆಯ ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಪಾಲಕರು ಕೇಳಿದ 45 ದಿನದೊಳಗೆ ಕಡತ ತೋರಿಸಬೇಕು. ಅದರಲ್ಲಿ ತಪ್ಪಿದ್ದರೆ ತಿದ್ದಿ ಅಂತ ಕೇಳಬಹುದು. ಶಾಲೆ ಒಪ್ಪದಿದ್ದರೆ ವಿಚಾರಣೆ ಕೇಳಬಹುದು, ಅಲ್ಲೂ ಸೋತರೆ ತಮ್ಮ ಹೇಳಿಕೆಯನ್ನು ಕಡತದೊಳಗೆ ಸೇರಿಸಬಹುದು. ಮಗುವಿಗೆ 18 ತುಂಬಿದಾಗ ಅಥವಾ ಕಾಲೇಜು ಸೇರಿದಾಗ ಈ ಹಕ್ಕೆಲ್ಲ ಮಗುವಿನದ್ದೇ ಆಗುತ್ತೆ. ಎಲ್ಲ ಸರಿ. ಆದರೆ ಕಡತವನ್ನು ಎಷ್ಟು ವರ್ಷ ಇಡಬೇಕು ಅಂತ ಹುಡುಕಿ ನೋಡಿ. ಇಲ್ಲ. ಅದಕ್ಕೆ ಸಂಬಂಧಪಟ್ಟ ಹಾಗೆ ಸಿಗೋದು ಒಂದೇ ನಿಯಮ: ಯಾರಾದರೂ ಕಡತ ನೋಡಬೇಕು ಅಂತ ಅರ್ಜಿ ಹಾಕಿ, ಅದು ಇನ್ನೂ ಬಾಕಿ ಇದ್ದರೆ, ಆಗ ಅದನ್ನು ನಾಶ ಮಾಡಬಾರದು. ಅಷ್ಟೇ. ನಾಳೆ ಬೆಳಿಗ್ಗೆಯೇ ಸುಟ್ಟು ಹಾಕಿದರೂ, ನೂರು ವರ್ಷ ಇಟ್ಟರೂ ಫೆರ್ಪಾದ ತಕರಾರಿಲ್ಲ. ಬಕ್ಲಿಯವರ ಕಾನೂನು ಬೀಗದ ಕೈಯನ್ನು ಅಪ್ಪ ಅಮ್ಮನಿಗೆ ಕೊಡಿಸಿತು. ಒಳಗಿನ ಸಾಮಾನು ಎಷ್ಟು ದಿನ ಇರಬೇಕು ಅನ್ನೋದನ್ನು ಮುಟ್ಟಲಿಲ್ಲ.

ಫೆರ್ಪಾದ ಹಲ್ಲು ಕೂಡ ಮೊಂಡು. ಉಲ್ಲಂಘಿಸಿದ ಶಾಲೆಗೆ ಕೊನೆಯ ಶಿಕ್ಷೆ ಅಂದ್ರೆ ಕೇಂದ್ರದ ಅನುದಾನ ನಿಲ್ಲಿಸೋದು. ಆ ಶಿಕ್ಷೆ ಎಷ್ಟು ದೊಡ್ಡದು ಅಂದ್ರೆ ಅದನ್ನು ಕೊಡೋಕೆ ಯಾರಿಗೂ ಕೈ ಬರಲ್ಲ. ಸರಿ, ನಾವೇ ಕೋರ್ಟಿಗೆ ಹೋಗ್ತೀವಿ ಅಂದ್ರೆ ಅದೂ ಆಗಲ್ಲ. 2002ರಲ್ಲಿ ಗೊನ್ಜಾಗಾ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಫೆರ್ಪಾ ಮುರಿದಿದ್ದಕ್ಕೆ ವ್ಯಕ್ತಿಗಳು ನೇರವಾಗಿ ದಾವೆ ಹೂಡೋಕೆ ಬರಲ್ಲ ಅಂತ ತೀರ್ಪು ಕೊಟ್ಟಿದೆ.

ಹಾಗಾಗಿ ವರ್ಷಗಳ ಲೆಕ್ಕ ರಾಜ್ಯಗಳ ಪಾಲಿಗೆ ಬಂತು. ಇಲ್ಲಿಂದ ಓದು ಸ್ವಾರಸ್ಯವಾಗುತ್ತೆ. ಎರಡು ರಾಜ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮ್ಯಾಸಚೂಸೆಟ್ಸ್ ಮಗುವಿನ ದಾಖಲೆಯನ್ನು ಎರಡು ಗಂಟಾಗಿ ಕಟ್ಟುತ್ತೆ. ಮೊದಲನೆಯದು ಟ್ರಾನ್ಸ್‌ಕ್ರಿಪ್ಟ್: ಹೆಸರು, ವಿಳಾಸ, ಓದಿದ ವಿಷಯ, ಬಂದ ಗ್ರೇಡು, ಮುಗಿಸಿದ ತರಗತಿ, ವರ್ಷ. ಇದನ್ನು ಮಗು ಶಾಲೆ ಬಿಟ್ಟ ಮೇಲೆ 60 ವರ್ಷ ಇಡಲೇಬೇಕು. ಎರಡನೆಯದು 'ತಾತ್ಕಾಲಿಕ ದಾಖಲೆ': ಪರೀಕ್ಷಾ ಫಲಿತಾಂಶಗಳು, ಟೀಚರ್ ಮತ್ತು ಕೌನ್ಸೆಲರ್‌ಗಳ ಮೌಲ್ಯಮಾಪನ ಇತ್ಯಾದಿ. ಇದನ್ನು ಮಗು ಶಾಲೆ ಬಿಟ್ಟ 7 ವರ್ಷದೊಳಗೆ ನಾಶ ಮಾಡಲೇಬೇಕು. ಮಾಡೋಕೆ ಮುಂಚೆ ಹೇಳಬೇಕು, ಪ್ರತಿ ತಗೊಳ್ಳೋಕೆ ಅವಕಾಶ ಕೊಡಬೇಕು.

ಇಲಿನಾಯ್ ಕೂಡ ಎರಡು ಗಂಟು ಕಟ್ಟುತ್ತೆ. ಶಾಶ್ವತ ದಾಖಲೆ ಕನಿಷ್ಠ 60 ವರ್ಷ. ತಾತ್ಕಾಲಿಕ ದಾಖಲೆ ಕನಿಷ್ಠ 5 ವರ್ಷ.

ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತೆ. 7ರ ಜಾಗದಲ್ಲಿ 5 ಇದೆ, ಇಲಿನಾಯ್ ಇನ್ನೂ ಬೇಗ ಮರೆಯುತ್ತಲ್ಲ ಅಂತ ಅನ್ನಿಸಬಹುದು. ಇನ್ನೊಮ್ಮೆ ಓದಿ. ಒಂದು ಕಡೆ '7 ವರ್ಷದೊಳಗೆ', ಇನ್ನೊಂದು ಕಡೆ 'ಕನಿಷ್ಠ 5 ವರ್ಷ'. ಮೊದಲನೆಯದು ಮೇಲಿನ ಮಿತಿ, ಎರಡನೆಯದು ಕೆಳಗಿನ ಮಿತಿ. ಮೊದಲನೆಯದು ಶಾಲೆಗೆ 'ಇನ್ನು ಸಾಕು, ಬಿಡು' ಅನ್ನುತ್ತೆ. ಎರಡನೆಯದು 'ಇಷ್ಟು ದಿನವಾದರೂ ಇಟ್ಕೋ' ಅನ್ನುತ್ತೆ, ಆಮೇಲೆ ಯಾವಾಗ ಬಿಡಬೇಕು ಅಂತ ಆ ಸಾಲು ಹೇಳಲ್ಲ. ಒಂದು ಹುಡುಗ ಎಂಟನೇ ತರಗತಿಯಲ್ಲಿ ಜಗಳ ಆಡಿ ಸಸ್ಪೆಂಡ್ ಆಗಿದ್ದ ಅಂದ್ಕೊಳ್ಳಿ. ಆ ಕಾಗದಕ್ಕೆ ಒಂದು ರಾಜ್ಯದಲ್ಲಿ ಸಾಯೋ ದಿನ ಗೊತ್ತು. ಇನ್ನೊಂದರಲ್ಲಿ ಅದು ಎಷ್ಟು ದಿನ ಬದುಕುತ್ತೆ ಅನ್ನೋದು ಆ ಡಿಸ್ಟ್ರಿಕ್ಟಿನ ಗುಮಾಸ್ತರ ಶ್ರದ್ಧೆಗೆ ಬಿಟ್ಟಿದ್ದು.

ಇಲಿನಾಯ್ ಪರವಾಗಿಯೂ ಒಂದು ಮಾತು ಹೇಳಬೇಕು. ಅಲ್ಲಿ ಪ್ರತಿ 4 ವರ್ಷಕ್ಕೊಮ್ಮೆ, ಅಥವಾ ಮಗು ಶಾಲೆ ಬದಲಿಸಿದಾಗ, ದಾಖಲೆಯನ್ನು ಪರಿಶೀಲಿಸಿ ತಪ್ಪಿದ್ದರೆ ಸರಿಪಡಿಸಬೇಕು ಅಂತ ಕಾನೂನೇ ಹೇಳುತ್ತೆ. ಮ್ಯಾಸಚೂಸೆಟ್ಸ್‌ನಲ್ಲಿ ಇದಕ್ಕಿಂತ ಸುಂದರವಾದ ನಿಯಮ ಇದೆ: ಮಗು ಶಾಲೆಯಲ್ಲಿರುವಾಗಲೇ ಪ್ರಿನ್ಸಿಪಾಲರು ಆಗಾಗ ತಾತ್ಕಾಲಿಕ ದಾಖಲೆ ನೋಡಿ, ದಾರಿ ತಪ್ಪಿಸುವಂಥದ್ದು, ಹಳತಾಗಿದ್ದು, ಸಂಬಂಧ ಇಲ್ಲದ್ದು ಏನಿದೆಯೋ ಅದನ್ನು ತಿಳಿಸಿ ನಾಶ ಮಾಡಬೇಕು. ಓದೋಕೆ ಖುಷಿಯಾಗುತ್ತೆ. ಆದರೆ 'ಆಗಾಗ' ಅಂದ್ರೆ ಎಷ್ಟು? ನಮ್ಮ ಆಫೀಸಲ್ಲಿ 'ಆಗಾಗ ಬ್ಯಾಕಪ್ ಪರೀಕ್ಷೆ ಮಾಡಿ' ಅಂತ ಬರೆದಿಟ್ಟರೆ ಅದು ಯಾವತ್ತು ನಡೆಯುತ್ತೆ ಅಂತ ನಮಗೆಲ್ಲ ಗೊತ್ತು. ಇಲಿನಾಯ್ ಅಂಕಿ ಕೊಟ್ಟಿದೆ, ಮರೆಯೋ ಹೊಣೆ ಕೊಟ್ಟಿಲ್ಲ. ಮ್ಯಾಸಚೂಸೆಟ್ಸ್ ಮರೆಯೋ ಹೊಣೆ ಕೊಟ್ಟಿದೆ, ಅಂಕಿ ಕೊಟ್ಟಿಲ್ಲ. ಇಬ್ಬರೂ ಒಬ್ಬರದ್ದನ್ನೊಬ್ಬರು ಕಾಪಿ ಹೊಡೆದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು!

ಕ್ಯಾಲಿಫೋರ್ನಿಯಾದ್ದು ಮೂರು ಗಂಟು. ಹೆಸರು, ಹುಟ್ಟಿದ ದಿನ, ಓದಿದ ವಿಷಯ, ಗ್ರೇಡು, ಲಸಿಕೆ ಇವೆಲ್ಲ ಕಡ್ಡಾಯ ಶಾಶ್ವತ ದಾಖಲೆ. ಎಷ್ಟು ವರ್ಷ? ಅನಂತ ಕಾಲ. ಇನ್ನುಳಿದ ಎರಡು ಗಂಟುಗಳನ್ನು 'ಉಪಯೋಗ ಮುಗಿದ ಮೇಲೆ' ವಿಲೇವಾರಿ ಮಾಡಬಹುದು. ನನ್ನ ತಕರಾರು ಇರೋದು ಈ 'ಉಪಯೋಗ' ಅನ್ನೋ ಪದದ ಮೇಲೆ. ಯಾರಿಗೆ ಉಪಯೋಗ? ಮಗುವಿಗೋ, ಶಾಲೆಗೋ? ಮುಗೀತು ಅಂತ ತೀರ್ಮಾನ ಮಾಡೋರು ಯಾರು? ಜೊತೆಗೆ, 'ವಿಲೇವಾರಿ ಮಾಡಬಹುದು' ಅಂತಿದೆಯೇ ಹೊರತು 'ಮಾಡಬೇಕು' ಅಂತಿಲ್ಲ. ಮನೆ ಅಟ್ಟದ ಮೇಲಿರೋ ಒಡೆದ ಫ್ಯಾನನ್ನು ಕೇಳಿ, ಯಾವ ಸಾಮಾನಿಗೂ ಉಪಯೋಗ ಅನ್ನೋದು ಪೂರ್ತಿ ಮುಗಿಯಲ್ಲ.

ಹಿಂದೆ ಈ ದೋಷವನ್ನು ಅಟ್ಟವೇ ಸರಿಪಡಿಸ್ತಿತ್ತು. ಕಾಗದದ ಕಾಲದಲ್ಲಿ ಇಡೋದಕ್ಕೆ ಖರ್ಚಿತ್ತು. ಕಬ್ಬಿಣದ ಬೀರು ತುಂಬ್ತಿತ್ತು, ನೆಲಮಾಳಿಗೆಗೆ ನೀರು ನುಗ್ತಿತ್ತು, ಯಾರೋ ಒಬ್ಬರು ಬೇಸಿಗೆ ರಜೆಯಲ್ಲಿ ಕೂತು ಬೇಡದ್ದನ್ನು ಆರಿಸಿ ಎಸೀತಿದ್ದರು. ಮರೆಯೋದು ತಾನಾಗೇ ಆಗ್ತಿತ್ತು, ಇಡೋದಕ್ಕೆ ಕಷ್ಟಪಡಬೇಕಿತ್ತು. ಅದಕ್ಕೇ ಕಾನೂನು 'ಕನಿಷ್ಠ ಇಷ್ಟು ವರ್ಷ' ಅಂತ ಒತ್ತಾಯ ಮಾಡಿದ್ದು, ಆ ಕಾಲಕ್ಕೆ ಅದು ಸರಿಯೇ. ಈಗ ಎಲ್ಲ ತಲೆಕೆಳಗು. ಒಂದು ಡಿಸ್ಟ್ರಿಕ್ಟಿನ ಅಷ್ಟೂ ಮಕ್ಕಳ ಮೂವತ್ತು ವರ್ಷದ ಅಂಕ, ಹಾಜರಿ, ಟಿಪ್ಪಣಿ ಎಲ್ಲ ಒಂದು ಬೆರಳಷ್ಟು ದೊಡ್ಡ ಡ್ರೈವಿನಲ್ಲಿ ಹಿಡಿಯುತ್ತೆ. ಈಗ ಇಡೋದು ಪುಕ್ಕಟೆ, ಅಳಿಸೋದಕ್ಕೆ ದುಡ್ಡು ಬೇಕು. ಯಾವ ಸಾಲು ಅಳಿಸಿದರೆ ಇನ್ಯಾವ ರಿಪೋರ್ಟ್ ಒಡೆಯುತ್ತೋ ಅನ್ನೋ ಭಯಕ್ಕೆ ನಮ್ಮ ಕಸುಬಿನವರು ಏನನ್ನೂ ಮುಟ್ಟೋಕೆ ಹೋಗಲ್ಲ. ಕೆಳಗಿನ ಮಿತಿ ಮಾತ್ರ ಇರೋ ಕಾನೂನು ಇವತ್ತಿನ ಲೆಕ್ಕದಲ್ಲಿ ಕಾನೂನೇ ಇಲ್ಲದ ಹಾಗೆ.

ಇದರ ಬೆಲೆ ಏನು ಅಂತ ಈಗ ಅಂಕಿಗಳಲ್ಲೇ ಗೊತ್ತಾಗಿದೆ. 2022ರಲ್ಲಿ ಲಾಸ್ ಏಂಜಲೀಸ್ ಶಾಲಾ ಡಿಸ್ಟ್ರಿಕ್ಟಿನ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯ್ತು. ದುಡ್ಡು ಕೊಡದಿದ್ದಕ್ಕೆ ಕಳ್ಳರು ಕದ್ದಿದ್ದನ್ನು ಅಂತರ್ಜಾಲದ ಕತ್ತಲೆ ಮೂಲೆಯಲ್ಲಿ ಸುರಿದರು. ಅದರಲ್ಲಿ ಸುಮಾರು 2,000 ವಿದ್ಯಾರ್ಥಿಗಳ ಮೌಲ್ಯಮಾಪನ ದಾಖಲೆಗಳಿದ್ದವು, ಅಂದ್ರೆ ಮಕ್ಕಳ ಮನಸ್ಸಿನ ಸ್ಥಿತಿಯ ಬಗ್ಗೆ ತಜ್ಞರು ಬರೆದ ವರದಿಗಳಂಥವು. ಡಿಸ್ಟ್ರಿಕ್ಟೇ ಕೊಟ್ಟ ಲೆಕ್ಕದ ಪ್ರಕಾರ, ಆ 2,000 ಮಂದಿಯಲ್ಲಿ ಆಗ ಅಲ್ಲಿ ಓದ್ತಿದ್ದವರು ಬರೀ 60. ಉಳಿದವರೆಲ್ಲ ಶಾಲೆ ಬಿಟ್ಟು ಹೋದವರು. ಚಿಕ್ಕವರಿದ್ದಾಗ ಯಾವುದೋ ಕೋಣೆಯಲ್ಲಿ ಒಬ್ಬ ಸೈಕಾಲಜಿಸ್ಟ್ ಎದುರು ಹೇಳಿಕೊಂಡ ಮಾತು, ತಾವು ದೊಡ್ಡವರಾದ ಮೇಲೆ ಬೀದಿಗೆ ಬಂತು.

2024ರ ಡಿಸೆಂಬರ್‌ನಲ್ಲಿ ಇದಕ್ಕಿಂತ ದೊಡ್ಡದು. ಪವರ್‌ಸ್ಕೂಲ್ ಅನ್ನೋ ಕಂಪನಿಯ ಸಾಫ್ಟ್‌ವೇರನ್ನು ಅಮೆರಿಕ, ಕೆನಡಾದ ಸಾವಿರಾರು ಡಿಸ್ಟ್ರಿಕ್ಟ್‌ಗಳು ಬಳಸ್ತವೆ. ಕದ್ದ ಒಂದು ಪಾಸ್‌ವರ್ಡ್ ಹಿಡಿದು ಕಳ್ಳ ಅದರೊಳಗೆ ಹೊಕ್ಕ. ಸರ್ಕಾರಿ ವಕೀಲರ ಪ್ರಕಾರ 6 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ, ಸುಮಾರು 1 ಕೋಟಿ ಶಿಕ್ಷಕರ ಮಾಹಿತಿ ಕಳುವಾಯ್ತು. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಒಂದು ವರ್ಷಕ್ಕೆ ಓದೋ ಮಕ್ಕಳೇ ಸುಮಾರು 5 ಕೋಟಿ. ಅದಕ್ಕಿಂತ ಹೆಚ್ಚು ಜನರ ಮಾಹಿತಿ ಬಂದಿದ್ದಾದರೂ ಎಲ್ಲಿಂದ? ಒಂದು ಪಾಲು ಹಳಬರದ್ದು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್ ಡಿಸ್ಟ್ರಿಕ್ಟಿನಲ್ಲಿ 2009-10ರಿಂದ ಓದಿದವರ ಮಾಹಿತಿ ಇತ್ತು. ಗಡಿಯಾಚೆ ಟೊರಾಂಟೊದಲ್ಲಿ 1985ರವರೆಗೂ ಹಿಂದೆ ಹೋಗುತ್ತೆ. 1985ರಲ್ಲಿ ಒಂದನೇ ಕ್ಲಾಸಿನಲ್ಲಿದ್ದ ಮಗುವಿಗೆ ಈಗ ಕಾಲೇಜಿಗೆ ಹೋಗೋ ಮಕ್ಕಳಿರಬಹುದು!

ಈ ಕತೆಯ ಕೊನೆಯ ತಿರುವು ನನಗೆ ಮರೆಯೋಕಾಗಲ್ಲ. ಕಂಪನಿ ದುಡ್ಡು ಕೊಟ್ಟಿತು. ಕದ್ದಿದ್ದನ್ನು ಅಳಿಸಿದ್ದೀವಿ ಅಂತ ತೋರಿಸೋಕೆ ಕಳ್ಳರು ಒಂದು ವಿಡಿಯೋ ಕಳಿಸಿದರು. ಕೆಲವೇ ತಿಂಗಳಲ್ಲಿ, 2025ರ ಮೇನಲ್ಲಿ, ಅದೇ ಡೇಟಾ ಇಟ್ಟುಕೊಂಡು ಡಿಸ್ಟ್ರಿಕ್ಟ್‌ಗಳಿಗೆ ಒಂದೊಂದಾಗಿ ಬೆದರಿಕೆ ಬರೋಕೆ ಶುರುವಾಯ್ತು. ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಆದರೆ ಒಂದು ಮಾತು ಕೇಳಲೇಬೇಕು: ಶಾಲೆ 'ನಿಮ್ಮ ಮಗುವಿನ ದಾಖಲೆ ನಾಶ ಮಾಡಿದ್ದೀವಿ' ಅಂದಾಗ ಪಾಲಕರ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದ ಪುರಾವೆ ಏನಿರುತ್ತೆ?

ಕಾಗದವನ್ನು ನಾಶ ಮಾಡೋದು ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು. ಹರೀತೀವಿ, ಸುಡ್ತೀವಿ. ಸಾಫ್ಟ್‌ವೇರಿನಲ್ಲಿ ಹಾಗಲ್ಲ. ನೀವು ಡಿಲೀಟ್ ಬಟನ್ ಒತ್ತಿದಾಗ ಎಷ್ಟೋ ವ್ಯವಸ್ಥೆಗಳಲ್ಲಿ ಆಗೋದಿಷ್ಟು: ಆ ಸಾಲಿನ ಪಕ್ಕ 'ಅಳಿಸಿದೆ' ಅಂತ ಒಂದು ಗುರುತು ಬೀಳುತ್ತೆ. ಸ್ಕ್ರೀನಿನಲ್ಲಿ ಕಾಣಲ್ಲ, ಒಳಗೆ ಹಾಗೇ ಇರುತ್ತೆ. ನಿಜವಾಗಿಯೂ ಅಳಿಸಿದರೂ ನಿನ್ನೆಯ ಬ್ಯಾಕಪ್ಪಿನಲ್ಲಿ ಇರುತ್ತೆ. ಅದು ಹೋದರೂ ಟೆಸ್ಟಿಂಗಿಗೆ ಅಂತ ಯಾರೋ ಮಾಡಿಕೊಂಡ ನಕಲಿನಲ್ಲಿ ಇರುತ್ತೆ, ಊಟದ ಲೆಕ್ಕದ ಆ್ಯಪ್, ಬಸ್ಸಿನ ಆ್ಯಪ್, ಗಣಿತ ಕಲಿಸೋ ಆ್ಯಪ್‌ಗಳ ಹತ್ತಿರ ಇರುತ್ತೆ. ಇವರಿಗೆಲ್ಲ ಮಾಹಿತಿ ಕೊಡೋಕೆ ಫೆರ್ಪಾದಲ್ಲೇ ದಾರಿ ಇದೆ: ಹೊರಗಿನ ಕಂಪನಿಯನ್ನು ಶಾಲೆಯ ಅಧಿಕಾರಿ ಅಂತ ಪರಿಗಣಿಸಬಹುದು, ಶಾಲೆಯ ನೇರ ಹಿಡಿತದಲ್ಲಿದ್ದರೆ. ಒಬ್ಬ ಹೆಡ್‌ಮಾಸ್ಟರು ಒಂದು ಕ್ಲೌಡ್ ಕಂಪನಿಯನ್ನು ನೇರ ಹಿಡಿತದಲ್ಲಿ ಇಟ್ಟುಕೊಳ್ಳೋದನ್ನು ಊಹಿಸಿಕೊಳ್ಳಿ!

ಎಡ್‌ಮೋಡೊ ಅನ್ನೋ ಕಂಪನಿಯ ಉದಾಹರಣೆ ಸಾಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅದರ ಮೇಲೆ ಕ್ರಮ ಕೈಗೊಂಡಾಗ ಹೇಳಿದ್ದು: ಕಂಪನಿ 2020ರವರೆಗೆ ಮಕ್ಕಳ ಮಾಹಿತಿಯನ್ನು ಕಾಲಮಿತಿ ಇಲ್ಲದೆ ಇಟ್ಟುಕೊಂಡಿತ್ತು. 3.6 ಕೋಟಿ ವಿದ್ಯಾರ್ಥಿ ಖಾತೆಗಳಲ್ಲಿ ನಿಜವಾಗಿ ಬಳಕೆಯಲ್ಲಿದ್ದದ್ದು 10 ಲಕ್ಷ ಮಾತ್ರ. ಇದಕ್ಕೆ ಮದ್ದು ಇಲ್ಲ ಅಂತಲ್ಲ. ಮಕ್ಕಳ ಆನ್‌ಲೈನ್ ಖಾಸಗಿತನದ ನಿಯಮವನ್ನು 2025ರಲ್ಲಿ ತಿದ್ದಿ, ಕಂಪನಿಗಳು ಮಕ್ಕಳ ಮಾಹಿತಿಯನ್ನು ಅನಿರ್ದಿಷ್ಟ ಕಾಲ ಇಟ್ಟುಕೊಳ್ಳುವ ಹಾಗಿಲ್ಲ, ಎಷ್ಟು ದಿನ ಅಂತ ಬರೆದಿಟ್ಟ ನೀತಿ ಇರಲೇಬೇಕು ಅಂತ ಮಾಡಿದ್ದಾರೆ. ಅಂದ್ರೆ ಈಗ ಅದು 13 ವರ್ಷದ ಒಳಗಿನ ಮಕ್ಕಳಿಗೆ ಆಟದ ಆ್ಯಪ್ ಮಾಡೋ ಕಂಪನಿಗೂ ಅನ್ವಯಿಸುತ್ತೆ. ಆ ಮಟ್ಟದ ಮಾತನ್ನು ಶಾಲೆಗೆ ಹೇಳೋಕೆ ಫೆರ್ಪಾಗೆ ಐವತ್ತು ವರ್ಷ ಆದರೂ ಬಾಯಿ ಬಂದಿಲ್ಲ.

ಕಳ್ಳರ ಮಾತು ಬಿಡಿ, ಕಾನೂನು ಕಾಯೋರ ಕತೆ ನೋಡಿ. ಫ್ಲಾರಿಡಾದ ಪ್ಯಾಸ್ಕೊ ಕೌಂಟಿಯಲ್ಲಿ ಶೆರಿಫ್ ಕಚೇರಿ ಶಾಲೆಯ ದಾಖಲೆ ಬಳಸಿಕೊಂಡು, ಮುಂದೆ ಅಪರಾಧಿಗಳಾಗಬಹುದಾದ ಮಕ್ಕಳು ಅಂತ ಒಂದು ಪಟ್ಟಿಯನ್ನೇ ಮಾಡಿತ್ತು. 2020ರಲ್ಲಿ 'ಟ್ಯಾಂಪಾ ಬೇ ಟೈಮ್ಸ್' ಪತ್ರಿಕೆ ಇದನ್ನು ಬಯಲು ಮಾಡಿತು. ಕಮ್ಮಿ ಗ್ರೇಡು ಬಂದಿದೆಯಾ, ಶಾಲೆ ತಪ್ಪಿಸ್ತಿದ್ದಾನಾ, ಮನೆಯಲ್ಲಿ ಹಿಂಸೆ ಅನುಭವಿಸಿದ್ದಾನಾ, ಇವೇ ಅಳತೆಗೋಲು. ಹೊಡೆಸಿಕೊಂಡ ಮಗುವೇ ನಾಳೆಯ ಕಳ್ಳ! ಅಪ್ಪ ಅಮ್ಮನಿಗೆ ತಮ್ಮ ಮಗು ಆ ಪಟ್ಟಿಯಲ್ಲಿದೆ ಅನ್ನೋದು ಗೊತ್ತೂ ಇರಲಿಲ್ಲ. ಬಕ್ಲಿ 1974ರಲ್ಲಿ ಯಾವುದನ್ನು ನಿಲ್ಲಿಸೋಕೆ ಹೊರಟಿದ್ದರೋ ಅದೇ ಗುಟ್ಟಿನ ಕಡತ ಸ್ಪ್ರೆಡ್‌ಶೀಟ್ ರೂಪದಲ್ಲಿ ವಾಪಸ್ ಬಂದಿತ್ತು.

ಇಷ್ಟೆಲ್ಲ ಹೇಳಿದ ಮೇಲೆ 'ಹಾಗಾದರೆ ಎಲ್ಲಾ ಅಳಿಸಿಬಿಡಿ' ಅನ್ನೋದು ಸುಲಭ. ಎಷ್ಟೋ ಖಾಸಗಿತನದ ಹೋರಾಟಗಾರರು ಅಲ್ಲಿಗೇ ನಿಲ್ತಾರೆ. ನಾನು ನಿಲ್ಲಲ್ಲ, ಯಾಕಂದ್ರೆ ಅಳಿಸೋದರ ಪೆಟ್ಟು ಬೀಳೋದು ಹೆಚ್ಚಾಗಿ ಬಡವರಿಗೆ.

ಅಮೆರಿಕದಲ್ಲಿ ಬೌದ್ಧಿಕ ಅಂಗವೈಕಲ್ಯ ಇರೋರಿಗೆ ಸೋಶಿಯಲ್ ಸೆಕ್ಯುರಿಟಿಯಿಂದ ನೆರವು ಸಿಗುತ್ತೆ. ಆದರೆ ಆ ತೊಂದರೆ 22 ವರ್ಷಕ್ಕೆ ಮುಂಚೆಯೇ ಶುರುವಾಗಿತ್ತು ಅಂತ ತೋರಿಸಬೇಕು. ಒಬ್ಬನನ್ನು ಅವನ ಅಮ್ಮ 45 ವರ್ಷದವರೆಗೆ ನೋಡಿಕೊಂಡಿದ್ದಾಳೆ, ಈಗ ತೀರಿಕೊಂಡಿದ್ದಾಳೆ ಅಂದ್ಕೊಳ್ಳಿ. ಅವನು 22ಕ್ಕೆ ಮುಂಚೆ ಹೇಗಿದ್ದ ಅಂತ ಹೇಳೋರು ಯಾರು? ಶಾಲೆಯ ವಿಶೇಷ ಶಿಕ್ಷಣದ ಕಡತ. ಅಲ್ಲಿನ ವಿಶೇಷ ಶಿಕ್ಷಣದ ಕೇಂದ್ರ ಕಾನೂನಿನಲ್ಲಿ, ಈ ಮಾಹಿತಿ ಇನ್ನು ಬೇಕಿಲ್ಲ ಅಂತಾದಾಗ ಪಾಲಕರಿಗೆ ತಿಳಿಸಬೇಕು, ಅವರು ಕೇಳಿದರೆ ನಾಶ ಮಾಡಬೇಕು ಅನ್ನೋ ನಿಯಮ ಇದೆ. ಹೆಸರು, ಗ್ರೇಡು, ಹಾಜರಿಯಂಥ ಸಣ್ಣ ಪಟ್ಟಿ ಮಾತ್ರ ಕಾಲಮಿತಿ ಇಲ್ಲದೆ ಉಳಿಸಿಕೊಳ್ಳಬಹುದು. ನಾಶ ಮಾಡೋದನ್ನು ಹಕ್ಕಾಗಿ ಕೊಟ್ಟಿರೋ ಒಳ್ಳೆಯ ನಿಯಮ ಇದು. ಆದರೆ ಇಪ್ಪತ್ತು ವರ್ಷ ಆದ ಮೇಲೆ ಆ ಸಣ್ಣ ಪಟ್ಟಿಯಿಂದ ಅಂಗವೈಕಲ್ಯ ಸಾಬೀತಾಗಲ್ಲ. ನಾಶ ಆಗಿದ್ದು ಅವನ ಜೀವನಾಧಾರದ ಸಾಕ್ಷಿ.

ಇನ್ನೊಂದು ನೋಡಿ. ಚಿಕ್ಕವರಿದ್ದಾಗ ದಾಖಲೆ ಇಲ್ಲದೆ ಬಂದು ಅಲ್ಲೇ ಬೆಳೆದವರಿಗೆ 2012ರಲ್ಲಿ 'ಡಾಕಾ' ಅನ್ನೋ ರಕ್ಷಣೆ ಬಂತು. 16 ತುಂಬೋ ಮುಂಚೆ ಬಂದಿದ್ದೆ, 2007ರ ಜೂನ್ 15ರಿಂದ ಇಲ್ಲೇ ಇದ್ದೀನಿ ಅಂತ ತೋರಿಸಬೇಕಿತ್ತು. ಹೆಸರಿನಲ್ಲಿ ಬಾಡಿಗೆ ಕರಾರಿಲ್ಲ, ಸಂಬಳದ ಚೀಟಿ ಇಲ್ಲದ ಹುಡುಗ ಹುಡುಗಿಯರ ಹತ್ತಿರ ಇದ್ದ ಗಟ್ಟಿ ಸಾಕ್ಷಿ ಶಾಲೆಯ ಹಾಜರಿ ಪುಸ್ತಕ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ದಿನಕ್ಕೆ ಊರ ಶಾಲೆಯ ಅಡ್ಮಿಷನ್ ರಿಜಿಸ್ಟರೇ ಕೊನೆಯ ಮಾತಲ್ಲವೇ, ಹಾಗೆ. ಇನ್ನೂ ಹಿಂದಕ್ಕೆ ಹೋದರೆ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ತಂದಿಟ್ಟಿದ್ದ ಸರ್ಕಾರಿ ವಸತಿ ಶಾಲೆಗಳು. ಅಲ್ಲಿ ಕನಿಷ್ಠ 973 ಮಕ್ಕಳು ಸತ್ತಿದ್ದರು ಅಂತ ಅಮೆರಿಕದ ಒಳಾಡಳಿತ ಇಲಾಖೆ 2024ರಲ್ಲಿ ಹೇಳಿತು. ಹಳೇ ದಾಖಲೆಗಳಲ್ಲಿ ಕೆಲವಾದರೂ ಉಳಿದಿದ್ದಕ್ಕೆ ಆ ಲೆಕ್ಕ ಸಿಕ್ಕಿತು. ಎಲ್ಲವನ್ನೂ ಅಚ್ಚುಕಟ್ಟಾಗಿ ನಾಶ ಮಾಡಿದ್ದರೆ ಸರ್ಕಾರದ ಪಾಪವೂ ಅದರ ಜೊತೆಗೇ ಅಳಿದುಹೋಗ್ತಿತ್ತು.

ಹಾಗಾಗಿ ನನ್ನ ವಾದ ಇಷ್ಟು. 'ಕಮ್ಮಿ ಇಡಿ' ಅಥವಾ 'ಜಾಸ್ತಿ ಇಡಿ' ಅನ್ನೋ ಜಗಳದಲ್ಲಿ ಉತ್ತರ ಸಿಗಲ್ಲ. ಮಗು ಏನು ಸಾಧಿಸಿತು, ಎಲ್ಲಿತ್ತು, ಅದಕ್ಕೆ ಏನು ನೆರವು ಬೇಕಿತ್ತು ಅನ್ನೋದು ಮಗುವಿನ ಆಸ್ತಿ. ಮಗುವಿನ ಬಗ್ಗೆ ಬೇರೆಯವರು ಏನಂದುಕೊಂಡರು ಅನ್ನೋದು ಮಗುವಿನ ಮೇಲಿನ ಸಾಲ. ಆಸ್ತಿ ಪತ್ರ ಕಾಯಬೇಕು, ಸಾಲದ ಪತ್ರಕ್ಕೆ ಒಂದು ದಿನ ಮುಕ್ತಿ ಕೊಡಬೇಕು. ಮ್ಯಾಸಚೂಸೆಟ್ಸ್‌ನ ಎರಡು ಗಂಟು ಈ ತಿಳುವಳಿಕೆಗೆ ಎಲ್ಲರಿಗಿಂತ ಹತ್ತಿರ ಬಂದಿದೆ. ಅಲ್ಲೂ ಒಂದು ಕೊರತೆ: ಗಡಿಯಾರ ಶುರುವಾಗೋದು ಶಾಲೆ ಬಿಟ್ಟ ದಿನದಿಂದ. ಐದು ವರ್ಷದ ಮಗುವಿನ ಬಗ್ಗೆ ಕಿಂಡರ್‌ಗಾರ್ಟನ್ ಟೀಚರ್ ಬರೆದ 'ಹಟಮಾರಿ' ಅನ್ನೋ ಟಿಪ್ಪಣಿ, ಯಾರೂ ನಡುವೆ ತೆಗೆದುಹಾಕದಿದ್ದರೆ, ಶಾಲೆಯ 13 ವರ್ಷ, ಆಮೇಲಿನ 7 ವರ್ಷ ಸೇರಿ 20 ವರ್ಷ ಬದುಕಬಹುದು. ಗಡಿಯಾರ ಶುರುವಾಗಬೇಕಾದದ್ದು ಬರೆದ ದಿನದಿಂದ.

ಜೊತೆಗೆ ಮೂರು ವಿಷಯ ಬೇಕು. ಒಂದು, ಅಳಿಸೋ ಮುಂಚೆ ಪೂರ್ತಿ ಪ್ರತಿಯನ್ನು ಮಗುವಿನ ಕೈಗೆ ಕೊಡಬೇಕು. ಪತ್ರಿಕೆಯ ಮೂಲೆಯಲ್ಲಿ ನೋಟಿಸ್ ಹಾಕಿ, ಬಂದರೆ ತಗೊಳ್ಳಿ ಅಂದ್ರೆ ಸಾಲದು. ಎರಡು, ಶಾಲೆಗಿರೋ ಗಡುವೇ ಆ್ಯಪ್ ಕಂಪನಿಗೂ ಇರಬೇಕು, ಬ್ಯಾಕಪ್ಪೂ ಸೇರಿ. ಕ್ಯಾಲಿಫೋರ್ನಿಯಾ ಇದರ ರುಚಿ ನೋಡಿದೆ: ಮಕ್ಕಳ ಸೋಶಿಯಲ್ ಮೀಡಿಯಾ ಮಾಹಿತಿಯನ್ನು ಶಾಲೆ ಕಲೆಹಾಕಿದರೆ, ಮಗುವಿಗೆ 18 ತುಂಬಿದ ಅಥವಾ ಡಿಸ್ಟ್ರಿಕ್ಟ್ ಬಿಟ್ಟ ಒಂದು ವರ್ಷದೊಳಗೆ ನಾಶ ಮಾಡಬೇಕು ಅಂತ 2014ರಲ್ಲೇ ಕಾನೂನು ಮಾಡಿದೆ. ಅದೇ ರಾಜ್ಯ ಟೀಚರ್ ಟಿಪ್ಪಣಿಗೆ ಮಾತ್ರ 'ಉಪಯೋಗ ಮುಗಿದ ಮೇಲೆ' ಅನ್ನುತ್ತೆ! ಮೂರು, ಅಳಿಸಿದ್ದಕ್ಕೆ ಹೊರಗಿನವರು ಪರೀಕ್ಷಿಸಬಹುದಾದ ಪುರಾವೆ ಇರಬೇಕು. ಇದ್ಯಾವುದೂ ತಾಂತ್ರಿಕವಾಗಿ ಅಸಾಧ್ಯ ಅಲ್ಲ. ಬ್ಯಾಂಕುಗಳಿಗೆ ಇದಕ್ಕಿಂತ ಕಷ್ಟದ್ದನ್ನು ನಾವೇ ಮಾಡಿಕೊಟ್ಟಿದ್ದೀವಿ.

ದೂರದ ಊರಿನ ಈ ಪಂಚಾಯ್ತಿ ನಮಗ್ಯಾಕೆ ಅಂತ ಕೇಳಬಹುದು. ಅಲ್ಲಿನ ಶಾಲೆಗಳಲ್ಲಿ ಓದ್ತಿರೋ ಕನ್ನಡದ ಮಕ್ಕಳ ಹೆಸರೂ ಈ ಡೇಟಾಬೇಸುಗಳಲ್ಲೇ ಇದೆ. ಅಪ್ಪನ ವೀಸಾ ಮುಗಿದು ಮಗು ಜಯನಗರಕ್ಕೆ ವಾಪಸ್ ಬಂದರೂ ಅದರ ಹೆಸರು ಅಲ್ಲೇ ಉಳಿದಿರುತ್ತೆ. ಇಂಥ ಸಾಫ್ಟ್‌ವೇರ್ ಬರೆಯೋ ಕೈಗಳಲ್ಲಿ ಬೆಂಗಳೂರಿನವೂ ಇವೆ. ಇಲ್ಲೂ ಈಗ ಮಕ್ಕಳಿಗೆ 12 ಅಂಕಿಯ 'ಅಪಾರ್' ಐಡಿ ಬಂದಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಅಂತ ಖಾಸಗಿಯವರಿಗೆ ಹೇಳುತ್ತೆ. 17ನೇ ಕಲಮಿಗೆ ಬಂದಾಗ, ಸರ್ಕಾರ ಮತ್ತು ಅದರ ಅಂಗಸಂಸ್ಥೆಗಳಿಗೆ ಆ ಹೊಣೆಯಿಂದ ವಿನಾಯಿತಿ ಕೊಡುತ್ತೆ. ಅಮೆರಿಕದವರು ಮೇಲಿನ ಮಿತಿ ಬರೆಯೋದನ್ನು ಮರೆತರು. ನಾವು ಬರೆದು, ಯಾರಿಗೆ ಅದು ಹೆಚ್ಚು ಬೇಕಿತ್ತೋ ಅವರನ್ನೇ ಹೊರಗಿಟ್ಟೆವು.

ಕಾನೂನು ಮಾಡೋರು ಬರೋದು ಯಾವಾಗಲೋ. ಅಲ್ಲಿವರೆಗೆ, ಅಲ್ಲಿ ಮಕ್ಕಳನ್ನು ಓದಿಸ್ತಿರೋ ಗೆಳೆಯರಿಗೆ ಒಂದು ಸಣ್ಣ ಕೆಲಸ: ಫೆರ್ಪಾ ಕೊಟ್ಟಿರೋ ಹಕ್ಕನ್ನು ಬಳಸಿ, ಈ ವರ್ಷವೇ ಒಂದು ಅರ್ಜಿ ಹಾಕಿ ಮಗುವಿನ ಪೂರ್ತಿ ಕಡತ ಕೇಳಿ ನೋಡಿ. 45 ದಿನದೊಳಗೆ ತೋರಿಸಲೇಬೇಕು. ಅದರಲ್ಲಿ ನಿಮ್ಮ ಮಗುವಿಗೆ ಬೇಕಾದದ್ದು ಎಷ್ಟಿದೆ, ಶಾಲೆಗೆ ಬೇಕಾದದ್ದು ಎಷ್ಟಿದೆ ಅಂತ ಎರಡು ಗಂಟು ಕಟ್ಟಿ. ಎರಡನೇ ಗಂಟನ್ನು ತೋರಿಸಿ 'ಇದು ಯಾವಾಗ ಹೋಗುತ್ತೆ?' ಅಂತ ಕೇಳಿ. ಉತ್ತರಕ್ಕೆ ಒಂದು ದಿನಾಂಕ ಸಿಕ್ಕರೆ ನೀವು ಪುಣ್ಯವಂತರು.